ಬೋರ್ಡಿಗೆ ಯೋಗ್ಯ ಹೆಂಗಸ್ರು ಸಿಗಲ್ವಂತೆ, ಹೌದಾ?

ಪ್ರಶ್ನೆ: ಮೇಡಂ, ಪುಣೆಯಲ್ಲಿ ಷೇರುಪೇಟೆಯಲ್ಲಿ ಲಿಸ್ಟೆಡ್ ಆಗಿರೋ ಒಂದು ಕಂಪನಿಯ ಅಕೌಂಟ್ಸ್‌ನಲ್ಲಿದ್ದೀನಿ. ನಮ್ಮ ಡೈರೆಕ್ಟರುಗಳ ಬೋರ್ಡಲ್ಲಿ ಹತ್ತು ಜನ, ಅದ್ರಲ್ಲಿ ಲೇಡಿ ಒಬ್ರೇ. ಕೇಳಿದ್ರೆ ಯೋಗ್ಯತೆ ಇರೋ ಹೆಂಗಸ್ರು ಸಿಗಲ್ಲ, ಮೆರಿಟ್ ನೋಡ್ಬೇಕಲ್ವಾ ಅಂತಾರೆ. ಇದು ನಿಜಾನಾ?

ಉತ್ತರ: ನಿಜ ಅಲ್ಲ. ಇಷ್ಟಕ್ಕೇ ನಿಲ್ಸಬಹುದಿತ್ತು, ಆದ್ರೆ ನಿಲ್ಸಿದ್ರೆ ಮುಂದಿನ ವಾರ ಇದೇ ಪ್ರಶ್ನೆ ಡೊಂಬಿವಲಿಯಿಂದ ಬರತ್ತೆ, ಅದರ ಮುಂದಿನ ವಾರ ಮಡಗಾಂವ್‌ನಿಂದ, ಹಾಗಾಗಿ ಈ ಸಲ ಪೂರ್ತಿ ಬರೆದುಬಿಡ್ತೀನಿ, ಇನ್ಮೇಲೆ ಕೇಳಿದೋರಿಗೆ ಇದನ್ನೇ ಕಳಿಸ್ತೀನಿ.

ಕಾನೂನು ಬೇಗ ಮುಗಿಸ್ತೀನಿ. 2013ರ ಕಂಪನಿ ಕಾಯ್ದೆ, ಸೆಕ್ಷನ್ 149. ಲಿಸ್ಟೆಡ್ ಕಂಪನಿ ಎಲ್ಲದಕ್ಕೂ, ಜೊತೆಗೆ 100 ಕೋಟಿ ಪೇಡ್-ಅಪ್ ಕ್ಯಾಪಿಟಲ್ (ಷೇರುದಾರರು ಹಾಕಿದ ಬಂಡವಾಳ) ಅಥವಾ 300 ಕೋಟಿ ಟರ್ನೋವರ್ ಮುಟ್ಟಿದ ಪಬ್ಲಿಕ್ ಕಂಪನಿಗಳಿಗೂ ಕನಿಷ್ಠ ಒಬ್ಬ ಮಹಿಳಾ ಡೈರೆಕ್ಟರ್ ಇರಲೇಬೇಕು. ಆಮೇಲೆ ಷೇರುಪೇಟೆಯ ನಿಯಂತ್ರಕ ಸೆಬಿ ನೇಮಿಸಿದ್ದ ಉದಯ್ ಕೋಟಕ್ ಸಮಿತಿ ಶಿಫಾರಸು ಮಾಡಿ, ಸೆಬಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, 2019ರ ಏಪ್ರಿಲ್‌ನಿಂದ ಟಾಪ್ 500 ಲಿಸ್ಟೆಡ್ ಕಂಪನಿಗಳಿಗೆ, 2020ರಿಂದ ಟಾಪ್ 1000ಕ್ಕೆ ಆ ಮಹಿಳೆ ಇಂಡಿಪೆಂಡೆಂಟ್ (ಕಂಪನಿ ಮಾಲೀಕರ ಜೊತೆ ಸಂಬಂಧ ಇಲ್ಲದೋರು) ಆಗಿರ್ಬೇಕು ಅಂತ ಮಾಡ್ತು. ಅಂದ್ರೆ ಪ್ರಮೋಟರ್, ಅಂದ್ರೆ ಕಂಪನಿ ಕೈಯಲ್ಲಿಟ್ಕೊಂಡಿರೋ ಮಾಲೀಕ, ಅವರ ಹೆಂಡತಿ, ಮಗಳು ಲೆಕ್ಕಕ್ಕೆ ಬರಲ್ಲ.

ಈಗ ಆ ‘ಸಿಗಲ್ಲ’ ವಿಷಯಕ್ಕೆ ಬರೋಣ. ಸೆಬಿ ಮೊದಲು ಕೊಟ್ಟಿದ್ದ ಗಡುವು 2014ರ ಅಕ್ಟೋಬರ್ 1. ಯಾರೂ ರೆಡಿ ಇಲ್ಲ ಅಂತ 2015ರ ಏಪ್ರಿಲ್ 1ಕ್ಕೆ ಮುಂದೂಡಿದ್ರು. ಅಷ್ಟು ತಿಂಗಳು ‘ಹುಡುಕ್ತಿದ್ದೀವಿ, ಸಿಗ್ತಿಲ್ಲ’ ಅಂತಿದ್ದ ಕಂಪನಿಗಳು ಮಾರ್ಚ್ ಕೊನೇ ದಿನಗಳಲ್ಲಿ ದಬದಬಾಂತ ನೇಮಕ ಮಾಡಿ ದಲಾಲ್ ಸ್ಟ್ರೀಟಿನ ಷೇರುಪೇಟೆಗೆ ಫೈಲಿಂಗ್ ಕಳಿಸಿದ್ವು. ದಂಡ ಹತ್ತಿರ ಬಂದ ತಕ್ಷಣ ಯೋಗ್ಯರು ಎಲ್ಲಿಂದ ಬಂದ್ರು ಸ್ವಾಮಿ? ಎಷ್ಟೋ ಕಡೆ ಹುಡುಕಾಟ ಮನೆ ಹಾಲ್ ದಾಟಿರ್ಲೇ ಇಲ್ಲ ಅನ್ನೋದು ಬೇರೆ ಮಾತು, ಹೆಂಡತಿ, ಸೊಸೆ, ಅತ್ತಿಗೆ. ಹಂಗಂತ ಮನೆಯವರು ಅಂದ ಕೂಡ್ಲೇ ಡಮ್ಮಿ ಅಂತ ತಳ್ಳಿಹಾಕೋಕೂ ನಾನು ತಯಾರಿಲ್ಲ, ನಿಮ್ಮ ಪುಣೆಯ ಥರ್ಮ್ಯಾಕ್ಸ್ ಕಂಪನಿಯನ್ನೇ ನೋಡಿ, 1996ರಲ್ಲಿ ಮಾಲೀಕರ ಮನೆಯ ಅನು ಆಗಾ, 2004ರಿಂದ ಮಗಳು ಮೆಹರ್ ಪದಂಜಿ ಅಲ್ಲಿ ಚೇರ್‌ಪರ್ಸನ್, ಕಾನೂನು ಬರೋಕೆ ಎಷ್ಟೋ ಮುಂಚೆ.

ಇನ್ನು ಈ ‘ಮೆರಿಟ್’. ಹತ್ತು ಜನರಲ್ಲಿ ಉಳಿದ ಒಂಬತ್ತು ಗಂಡಸರು ಯಾವ ಪರೀಕ್ಷೆ ಬರೆದು ಬಂದ್ರು ಅಂತ ಯಾರಾದ್ರೂ ಕೇಳಿದ್ದೀರಾ? ಇಂಡಿಪೆಂಡೆಂಟ್ ಡೈರೆಕ್ಟರುಗಳಿಗೆ ಹೆಸರು ನೋಂದಾಯಿಸೋ ಡೇಟಾಬ್ಯಾಂಕು, ಆನ್‌ಲೈನ್ ಟೆಸ್ಟು ಅಂತ ಬಂದಿದ್ದೇ 2019ರ ಡಿಸೆಂಬರಲ್ಲಿ, ಅದಕ್ಕೂ ಮುಂಚೆ ಬ್ಯಾಚ್‌ಮೇಟು, ಕ್ಲಬ್ಬಿನ ಪರಿಚಯ, ರಿಟೈರ್ ಆದ ಸಾಹೇಬ್ರು, ಪ್ರಮೋಟರ್ ಫೋನ್ ಮಾಡಿ ‘ಬನ್ನಿ ಸರ್ ನಮ್ಮ ಬೋರ್ಡಿಗೆ’ ಅಂದ್ರೆ ಮುಗೀತು. ಆವಾಗ ಮೆರಿಟ್ ಅನ್ನೋ ಮಾತೇ ಯಾರ ಬಾಯಲ್ಲೂ ಇರ್ಲಿಲ್ಲ, ಹೆಂಗಸಿಗೆ ಕುರ್ಚಿ ಕೊಡಿ ಅಂದ ದಿನ ನೆನಪಾಯ್ತು.

ಮತ್ತೆ ಆ ಮೆರಿಟ್ಟಿನ ಅಳತೆ ಏನು ಗೊತ್ತಾ? ‘ಬೇರೆ ಬೋರ್ಡಲ್ಲಿ ಕೂತ ಅನುಭವ ಇರ್ಬೇಕು.’ ಹುಚ್ಚು ಬಿಡೋ ತನಕ ಮದ್ವೆ ಆಗಲ್ಲ, ಮದ್ವೆ ಆಗೋ ತನಕ ಹುಚ್ಚು ಬಿಡಲ್ಲ ಅಂದಹಾಗಾಯ್ತು ಇದು. ಪರಿಣಾಮ ಏನಪ್ಪಾ ಅಂದ್ರೆ ಅನುಭವ ಇರೋ ಅದೇ ಕೆಲವು ಮಹಿಳೆಯರ ಹೆಸರು ಕಂಪನಿಯಿಂದ ಕಂಪನಿಗೆ ಓಡಾಡತ್ತೆ (ಒಬ್ರು ಗರಿಷ್ಠ 7 ಲಿಸ್ಟೆಡ್ ಕಂಪನಿಗಳಲ್ಲಿ ಇರ್ಬಹುದು), ಆಮೇಲೆ ‘ನೋಡಿ, ಇರೋದೇ ಇಷ್ಟು ಜನ’ ಅಂತ ಅದನ್ನೇ ಸಾಕ್ಷಿ ಮಾಡ್ತಾರೆ.

ಯೋಗ್ಯರು ಎಲ್ಲಿದ್ದಾರೆ ಅಂದ್ರೆ ಮುಂಬೈಯಲ್ಲೇ ಹುಡುಕಿ ಸಾಕು. ರಫ್ತು-ಆಮದಿಗೆ ಸಾಲ ಕೊಡೋ ಎಕ್ಸಿಂ ಬ್ಯಾಂಕನ್ನ ತರ್ಜನಿ ವಕೀಲ್ ನಡೆಸಿದ್ದು ತೊಂಬತ್ತರ ದಶಕದಲ್ಲಿ. ಶಿಖಾ ಶರ್ಮಾ 2009ರಲ್ಲಿ ಆಕ್ಸಿಸ್ ಬ್ಯಾಂಕಿಗೆ, ಅರುಂಧತಿ ಭಟ್ಟಾಚಾರ್ಯ 2013ರಲ್ಲಿ ಸ್ಟೇಟ್ ಬ್ಯಾಂಕಿಗೆ ಮುಖ್ಯಸ್ಥೆ ಆದ್ರು. ದೇಶದ ಅತಿ ದೊಡ್ಡ ಬ್ಯಾಂಕನ್ನ ಒಬ್ಬ ಹೆಂಗಸು ನಡೆಸ್ತಿದ್ದ ಊರಲ್ಲೇ, ವರ್ಷಕ್ಕೆ ನಾಲ್ಕೈದು ಮೀಟಿಂಗಿಗೆ ಬಂದು ಬ್ಯಾಲೆನ್ಸ್ ಶೀಟ್ ಓದಿ ಪ್ರಶ್ನೆ ಕೇಳೋಕೆ ಒಬ್ಬಾಕೆ ಸಿಗಲ್ಲ ಅಂದ್ರೆ ನಂಬೋದು ಹೇಗೆ? ಅಷ್ಟ್ಯಾಕೆ, ಎಷ್ಟೋ ಕಂಪನಿಗಳಲ್ಲಿ ಅದೇ ಟೇಬಲ್ಲಿನ ತುದೀಲಿ ಕೂತು ಮಿನಿಟ್ಸ್ ಬರ್ಕೊಳ್ಳೋ ಕಂಪನಿ ಸೆಕ್ರೆಟರಿ ಹೆಂಗಸೇ. ಕಾನೂನು ಆಕೆಗೆ ಬರತ್ತೆ, ನಂಬರ್ ಬರತ್ತೆ, ಯಾವ ಡೈರೆಕ್ಟರ್ ಪೇಪರ್ ಓದ್ದೇ ಬಂದಿದ್ದಾರೆ ಅನ್ನೋದೂ ಗೊತ್ತಿರತ್ತೆ.

ಹಾಗಾದ್ರೆ ಒಬ್ರೇ ಯಾಕೆ? ಕಾನೂನು ಕೇಳಿದ್ದು ಒಬ್ರನ್ನ, ಕಂಪನಿಗಳು ಕೊಟ್ಟಿದ್ದೂ ಒಬ್ರನ್ನ. ದೊಡ್ಡ ಲಿಸ್ಟೆಡ್ ಕಂಪನಿಯ ಬೋರ್ಡಲ್ಲಿ ಕನಿಷ್ಠ 6 ಜನ ಇರ್ಬೇಕು, ಆರರಲ್ಲಿ ಒಬ್ರು ಅಂದ್ರೆ ಶೇಕಡ 16 ಚಿಲ್ಲರೆ. ಇತ್ತೀಚಿನ ವರ್ಷಗಳ ಸಮೀಕ್ಷೆಗಳಲ್ಲಿ ನಮ್ಮ ದೇಶದ ಅಂಕಿ ಶೇಕಡ 18ರ ಆಸುಪಾಸು ಸುತ್ತುತ್ತೆ, ‘ಪ್ರಗತಿ’ ಅಂತ ಹೆಡ್‌ಲೈನ್ ಆಗತ್ತೆ, ನನಗಂತೂ ಅದ್ರಲ್ಲಿ ಕಾಣೋದು ಟಿಕ್ ಮಾರ್ಕ್ ಮಾತ್ರ. ನಾರ್ವೆಯಲ್ಲಿ 2003ರಲ್ಲೇ ಶೇಕಡ 40 ಅಂತ ಕಾನೂನು ಮಾಡಿ, ಪಾಲಿಸದಿದ್ರೆ ಕಂಪನಿಯನ್ನೇ ಮುಚ್ಚಿಸಬಹುದು ಅಂದ್ರು, ಎಲ್ರಿಗೂ ಯೋಗ್ಯರು ಸಿಕ್ಕಿದ್ರು! ನಮ್ಮಲ್ಲಿ ದಂಡ ದಿನಕ್ಕೆ 5,000 ರೂಪಾಯಿ, ಅದನ್ನ ಇಂಡಿಯನ್ ಆಯಿಲ್, ಒಎನ್‌ಜಿಸಿಯಂಥ ಸರ್ಕಾರಿ ಕಂಪನಿಗಳಿಗೂ ಷೇರು ಎಕ್ಸ್‌ಚೇಂಜುಗಳು ಹಾಕಿವೆ, ಅವರ ಉತ್ತರ ‘ನೇಮಕ ಮಿನಿಸ್ಟ್ರಿ ಕೈಲಿದೆ.’

ಇದನ್ನ ಓದಿ ಮುಂಬೈಯ ಹೋಟೆಲ್ ಕುಟುಂಬದೋರು ‘ನಮ್ಮಲ್ಲಿ ಆ ಸಮಸ್ಯೆ ಇಲ್ಲ, ನಮ್ಮ ಪ್ರೈವೇಟ್ ಲಿಮಿಟೆಡ್‌ನಲ್ಲಿ ನಾನು, ನನ್ನಾಕೆ ಇಬ್ರೂ ಡೈರೆಕ್ಟರು’ ಅಂತ ಖುಷಿಪಡ್ತಾರೆ. ಮೊದಲನೇದಾಗಿ ಆ ನಿಯಮ ಪ್ರೈವೇಟ್ ಲಿಮಿಟೆಡ್‌ಗೆ ಅನ್ವಯಾನೇ ಆಗಲ್ಲ. ಎರಡನೇದು ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ. ಅಕ್ಕಂದಿರೇ, ಸಿಎ ಆಫೀಸಿಂದ ಹುಡುಗ ಬಂದು ‘ಮೇಡಂ ಇಲ್ಲೊಂದು ಸೈನ್’ ಅಂತ ಪೆನ್ಸಿಲ್ ಗುರುತು ತೋರಿಸ್ದಾಗ ಸೈನ್ ಹಾಕ್ತೀರಲ್ಲ, ಅದು ಬರೀ ಕಾಗದ ಅಲ್ಲ. ಕಂಪನಿ ಸತತ 3 ವರ್ಷ ಲೆಕ್ಕಪತ್ರ ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸ್ದಿದ್ರೆ ಅದ್ರ ಡೈರೆಕ್ಟರು 5 ವರ್ಷ ಅನರ್ಹ, 2017ರಲ್ಲಿ ಒಂದೇ ಏಟಿಗೆ 3 ಲಕ್ಷ ದಾಟಿ ಜನರನ್ನ ಹಾಗೆ ಅನರ್ಹ ಮಾಡಿದ್ರು. ಪ್ರೈವೇಟ್ ಕಂಪನಿಯ ಇನ್‌ಕಂ ಟ್ಯಾಕ್ಸ್ ಬಾಕಿ ಕಂಪನಿಯಿಂದ ವಸೂಲಾಗದಿದ್ರೆ ಡೈರೆಕ್ಟರುಗಳಿಂದಲೇ ವಸೂಲಿ ಮಾಡಬಹುದು, ನನ್ನ ಕಡೆಯಿಂದ ನಿರ್ಲಕ್ಷ್ಯ ಆಗಿಲ್ಲ ಅಂತ ತೋರಿಸೋ ಹೊಣೆ ನಿಮ್ಮ ಮೇಲೇ. ‘ನಾನು ಮನೇಲಿದ್ದೆ, ಅವರು ಹೇಳಿದ್ರು, ಹಾಕ್ದೆ’ ಅನ್ನೋದು ಸುಲಭಕ್ಕೆ ನಡಿಯೋ ಉತ್ತರ ಅಲ್ಲ.

ಕಂಪನಿ ವ್ಯವಹಾರ ಸಚಿವಾಲಯದ ವೆಬ್‌ಸೈಟಲ್ಲಿ ಮಾಸ್ಟರ್ ಡೇಟಾ ಅಂತ ಇದೆ, ಫ್ರೀ, ಕಂಪನಿ ಹೆಸರು ಹಾಕಿದ್ರೆ ಕೊನೇ ಬ್ಯಾಲೆನ್ಸ್ ಶೀಟ್ ಯಾವ ವರ್ಷದ್ದು ಫೈಲ್ ಆಗಿದೆ ಅಂತ ಕಾಣತ್ತೆ. ಹಾಗೇ ನಿಮ್ಮ ಡಿನ್ ನಂಬರಿಗೆ (ಡೈರೆಕ್ಟರಾಗಿ ನಿಮಗೆ ಕೊಟ್ಟಿರೋ ಗುರುತಿನ ನಂಬರು) ಯಾರ ಮೊಬೈಲ್ ಲಿಂಕ್ ಆಗಿದೆ ಅಂತ ಸಿಎ ಹತ್ರ ಕೇಳಿ, ಯಜಮಾನ್ರದ್ದಾಗಿದ್ರೆ ಈ ವಾರಾನೇ ಬದಲಾಯಿಸ್ಕೊಳ್ಳಿ.