ಮುಚ್ಚಳಿಕೆ ಬರೆಸಿದ ಮೇಲೆ ಆ ಹುಡುಗಿ ಏನಾದಳು?

ಬೆಳಗಿನ ಜಾವದ ಮುಹೂರ್ತ. ಯಾರೋ ಹೆಸರು ಹೇಳದೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿರುತ್ತಾರೆ. ಅಧಿಕಾರಿಗಳ ಜೀಪು ಊರೊಳಗೆ ಬರುತ್ತದೆ. ಹುಡುಗಿಯ ಕೈಗೆ ಹಸಿರು ಬಳೆ ತೊಡಿಸಿಯಾಗಿದೆ, ಕೆನ್ನೆ ಮೇಲಿನ ಅರಿಸಿನ ಇನ್ನೂ ಒಣಗಿಲ್ಲ. ಶಾಲೆಯ ದಾಖಲಾತಿ ತರಿಸಿ ನೋಡಿದರೆ ಹದಿನಾರು ತುಂಬಲು ಎರಡು ತಿಂಗಳಿದೆ. ಅಪ್ಪ ಅಮ್ಮನನ್ನು ಕೂರಿಸಿ ಮುಚ್ಚಳಿಕೆ ಬರೆಸುತ್ತಾರೆ. ಮಗಳಿಗೆ 18 ತುಂಬುವವರೆಗೆ ಮದುವೆ ಮಾಡುವುದಿಲ್ಲ ಅಂತ ಅಪ್ಪ ಹೆಬ್ಬೆಟ್ಟು ಒತ್ತುತ್ತಾನೆ. ಮರುದಿನ ಪೇಪರಿನಲ್ಲಿ ನಾಲ್ಕು ಸಾಲು: ಬಾಲ್ಯವಿವಾಹಕ್ಕೆ ತಡೆ.

ಇಂಥ ಸುದ್ದಿಯನ್ನು ನಾವೆಲ್ಲ ಎಷ್ಟೋ ಸಲ ಓದಿದ್ದೇವೆ. ಆ ಹುಡುಗಿ ಮುಂದೇನಾದಳು ಅನ್ನುವ ಸುದ್ದಿ ಮಾತ್ರ ಬರುವುದಿಲ್ಲ. ನನ್ನನ್ನು ಕಾಡುವುದು ಅದೇ.

ಮದುವೆಯ ವಯಸ್ಸಿನ ಜಗಳ ನಮ್ಮಲ್ಲಿ ಬಹಳ ಹಳೆಯದು. ಮುಂಬೈಯ ರುಖ್ಮಾಬಾಯಿಗೆ 11ನೇ ವಯಸ್ಸಿಗೆ ಮದುವೆಯಾಗಿತ್ತು. ಗಂಡನ ಮನೆಗೆ ಹೋಗದೆ ತವರಲ್ಲೇ ಉಳಿದು ಓದಿಕೊಂಡಳು. 1884ರಲ್ಲಿ ಗಂಡ ಕೋರ್ಟಿಗೆ ಹೋದ. 1887ರಲ್ಲಿ ಬಂದ ತೀರ್ಪು ಏನು ಗೊತ್ತಾ? ಗಂಡನ ಮನೆಗೆ ಹೋಗಬೇಕು, ಇಲ್ಲವೇ ಆರು ತಿಂಗಳು ಜೈಲು. ಜೈಲಿಗೇ ಹೋಗುತ್ತೇನೆ ಅಂದಳು ರುಖ್ಮಾಬಾಯಿ. ಕೊನೆಗೆ 1888ರಲ್ಲಿ ಗಂಡನಿಗೆ 2000 ರೂಪಾಯಿ ಕೊಟ್ಟು ರಾಜಿಯಾಯಿತು. ಆಮೇಲೆ ಲಂಡನ್ನಿಗೆ ಹೋಗಿ ಡಾಕ್ಟರಾಗಿ ಬಂದಳು.

ಕಲ್ಕತ್ತಾದ ಫೂಲ್ಮಣಿಗೆ ಅಷ್ಟು ಆಯಸ್ಸೂ ಸಿಗಲಿಲ್ಲ. ಹತ್ತು ಹನ್ನೊಂದರ ಆ ಮಗು ಗಂಡನ ಜೊತೆಗಿನ ರಾತ್ರಿಯೇ ರಕ್ತಸ್ರಾವವಾಗಿ ಸತ್ತಿತು. ದೈಹಿಕ ಸಂಬಂಧಕ್ಕೆ ಆಗಿನ ಕಾನೂನಿನ ಗೆರೆ ಇದ್ದದ್ದು 10 ವರ್ಷಕ್ಕೆ. ಅವಳಿಗೆ ಹತ್ತು ದಾಟಿದ್ದರಿಂದ ಅದನ್ನು ಅತ್ಯಾಚಾರ ಅನ್ನಲೂ ಬರಲಿಲ್ಲ. 1891ರಲ್ಲಿ ಆ ಗೆರೆಯನ್ನು 12ಕ್ಕೆ ಏರಿಸಿದರು. ಅದಕ್ಕೂ ಎಷ್ಟು ವಿರೋಧ! ಲೋಕಮಾನ್ಯ ತಿಲಕರೇ ಅದರ ವಿರುದ್ಧ ನಿಂತಿದ್ದರು.

ಮೈಸೂರು ಸಂಸ್ಥಾನ ಮಾತ್ರ ಮದುವೆಯನ್ನೇ ತಡೆಯುವ ಕಾನೂನಿಗೆ ಕೈ ಹಾಕಿತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1894ರಲ್ಲಿ. 8 ವರ್ಷದೊಳಗಿನ ಹುಡುಗಿಗೆ ಮದುವೆ ಮಾಡುವಂತಿಲ್ಲ, 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವಂತಿಲ್ಲ. ಈಗ ಓದಿದರೆ ಎದೆ ಝಲ್ಲೆನ್ನುತ್ತದೆ. ಎಂಟಕ್ಕೆ ಗೆರೆ ಎಳೆಯಬೇಕಾಗಿತ್ತು ಅಂದರೆ ಅದಕ್ಕಿಂತ ಚಿಕ್ಕ ಮಕ್ಕಳಿಗೆ ಧಾರೆ ಎರೆಯುತ್ತಿದ್ದರು ಅಂತಲೇ ಅರ್ಥ.

1929ರಲ್ಲಿ ಬಂದದ್ದು ಶಾರದಾ ಕಾಯ್ದೆ. ಯಾವುದೋ ಹೆಣ್ಣುಮಗಳ ಹೆಸರು ಅಂದುಕೊಂಡವರು ಬಹಳ ಜನ. ಅದು ಮಸೂದೆ ಮಂಡಿಸಿದ ಹರಬಿಲಾಸ ಸಾರ್ದಾ ಅವರ ಹೆಸರು. ಹುಡುಗಿಗೆ 14, ಹುಡುಗನಿಗೆ 18. ಪಾಸಾದದ್ದು ಸೆಪ್ಟೆಂಬರಿನಲ್ಲಿ, ಜಾರಿಯಾದದ್ದು 1930ರ ಏಪ್ರಿಲ್ 1ಕ್ಕೆ. ನಡುವಿನ ಆ ಆರು ತಿಂಗಳಲ್ಲಿ ಕಾನೂನು ಬರುವ ಮುಂಚೆ ಮುಗಿಸಿಬಿಡೋಣ ಅಂತ ಜನ ಸಾಲುಸಾಲಾಗಿ ಮಕ್ಕಳ ಮದುವೆ ಮಾಡಿದರು. 1931ರ ಜನಗಣತಿಯಲ್ಲಿ 15ರೊಳಗಿನ ಹೆಂಡತಿಯರ ಸಂಖ್ಯೆ ಇಳಿಯುವ ಬದಲು ಏರಿತ್ತು. ಇನ್ನೊಂದು ತೊಡಕೂ ಇತ್ತು. ಕಾಯ್ದೆ ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ. ಧಾರವಾಡದಲ್ಲಿ ಅಪರಾಧವಾದದ್ದು ನಿಜಾಮನ ರಾಯಚೂರಿನಲ್ಲಿ ಅಪರಾಧವಲ್ಲ. ಗಡಿ ದಾಟಿ ಮದುವೆ ಮಾಡಲು ಆಗಲೇ ದಾರಿ ತೆರೆದಿತ್ತು.

ಆಮೇಲೆ ಹುಡುಗಿಯ ವಯಸ್ಸು 1949ರಲ್ಲಿ 15ಕ್ಕೆ, 1978ರಲ್ಲಿ 18ಕ್ಕೆ ಏರಿತು. 2006ರ ಕಾಯ್ದೆ ಶಿಕ್ಷೆಯನ್ನು ಹೆಚ್ಚಿಸಿತು. ಮದುವೆ ಮಾಡಿಸಿದವರು, ಒತ್ತಾಸೆ ಕೊಟ್ಟವರು, ಎಲ್ಲರಿಗೂ ಎರಡು ವರ್ಷದವರೆಗೆ ಶಿಕ್ಷೆ. ಕರ್ನಾಟಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿಯ ವರದಿಯ ನಂತರ ತಿದ್ದುಪಡಿ ತಂದು, ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಅಂದಿತು. 2017ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮೆಚ್ಚಿಕೊಂಡಿತು.

ಹಾಗಾದರೆ ಲೆಕ್ಕ ಏನು ಹೇಳುತ್ತದೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು 20ರಿಂದ 24 ವರ್ಷದ ಹೆಣ್ಣುಮಕ್ಕಳನ್ನು ಕೇಳುತ್ತಾರೆ: 18 ತುಂಬುವ ಮುಂಚೆ ಮದುವೆಯಾಗಿತ್ತಾ? 2005-06ರಲ್ಲಿ ದೇಶದಲ್ಲಿ ನೂರಕ್ಕೆ 47 ಮಂದಿ ಹೌದು ಅಂದಿದ್ದರು. 2015-16ರಲ್ಲಿ ಸುಮಾರು 27. ಹತ್ತು ವರ್ಷದಲ್ಲಿ ಇಷ್ಟು ಇಳಿದದ್ದು ಸಣ್ಣ ಮಾತಲ್ಲ. 2019-21ರಲ್ಲಿ 23.3. ಪಶ್ಚಿಮ ಬಂಗಾಳ, ಬಿಹಾರದಲ್ಲಿ ಆಗಲೂ 40ರ ಮೇಲಿತ್ತು. ಕರ್ನಾಟಕದ್ದು 21.4 ಇದ್ದದ್ದು 21.3 ಆಯಿತು. ಅಂದರೆ ಅಲುಗಾಡಲೇ ಇಲ್ಲ. ಈ ಹುಡುಗಿಯರಲ್ಲಿ ಹೆಚ್ಚಿನವರು ಹೊಸ ತಿದ್ದುಪಡಿ ಬರುವ ಮುಂಚೆಯೇ 18 ದಾಟಿದವರು. ಹಾಗಾಗಿ ತಿದ್ದುಪಡಿ ಸೋತಿತು ಅಂತ ಈ ಅಂಕಿ ತೋರಿಸಿ ಹೇಳುವುದು ನ್ಯಾಯವಲ್ಲ. ಆದರೆ 2006ರ ಕಾಯ್ದೆ ಆಗಲೇ ಜಾರಿಯಲ್ಲಿತ್ತು, ಅಲ್ವಾ?

ಸರಾಸರಿ ನೋಡಿ ಸಮಾಧಾನ ಪಡುವ ಹಾಗೂ ಇಲ್ಲ. ಉಡುಪಿ, ದಕ್ಷಿಣ ಕನ್ನಡದಲ್ಲಿ ಇದು ತೀರಾ ಕಡಿಮೆ. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆ ಜಾಸ್ತಿ. ಅಲ್ಲಿನ ಜನಕ್ಕೆ ಮಕ್ಕಳ ಮೇಲೆ ಪ್ರೀತಿ ಕಡಿಮೆ ಅಂತಲ್ಲ. ಅಪ್ಪ ಅಮ್ಮ ಗುಳೆ ಹೊರಡಬೇಕು. ದೊಡ್ಡವಳಾದ ಮಗಳನ್ನು ಯಾರ ಹತ್ತಿರ ಬಿಟ್ಟು ಹೋಗುವುದು? ಊರಿನ ಶಾಲೆ ಹತ್ತನೇ ಕ್ಲಾಸಿಗೆ, ಕೆಲವು ಕಡೆ ಎಂಟಕ್ಕೇ ನಿಲ್ಲುತ್ತದೆ. ಕಾಲೇಜು ತಾಲ್ಲೂಕಿನಲ್ಲಿದೆ. ಹೆಂಗಸರಿಗೆ 2023ರಿಂದ ಬಸ್ಸು ಉಚಿತ, ಸರಿ. ಆ ಊರಿಗೆ ಹೊತ್ತಿಗೆ ಸರಿಯಾಗಿ ಬಸ್ಸು ಬರಬೇಕಲ್ಲ. ವಯಸ್ಸು ಹೆಚ್ಚಿದಷ್ಟೂ ವರದಕ್ಷಿಣೆ ಹೆಚ್ಚುತ್ತದೆ. ಅಕ್ಕನ ಮಗಳನ್ನು ತಮ್ಮನಿಗೆ ಕೊಟ್ಟರೆ ಆಸ್ತಿಯೂ ಮನೆಯಲ್ಲೇ ಉಳಿಯುತ್ತದೆ, ಖರ್ಚೂ ಕಡಿಮೆ. ಮನೆಯವರು ಇಷ್ಟನ್ನೂ ಲೆಕ್ಕ ಹಾಕಿಯೇ ನಿರ್ಧಾರ ಮಾಡಿರುತ್ತಾರೆ. ಒಂದು ಹಾಳೆಯ ಮುಚ್ಚಳಿಕೆ ಇದರಲ್ಲಿ ಒಂದನ್ನೂ ಬದಲಿಸುವುದಿಲ್ಲ. ಅದಕ್ಕೇ ಜೀಪು ಹೋದ ಹದಿನೈದು ದಿನಕ್ಕೆ ಪಕ್ಕದ ರಾಜ್ಯದ ಯಾವುದೋ ಗುಡಿಯಲ್ಲಿ, ಲಗ್ನಪತ್ರಿಕೆ ಇಲ್ಲದೆ, ವಾಲಗ ಇಲ್ಲದೆ ತಾಳಿ ಬೀಳುತ್ತದೆ.

ಗರ್ಭಿಣಿಯಾದಾಗಲೇ ವಿಷಯ ಹೊರಬರುವುದು. 18ರೊಳಗಿನ ಗರ್ಭಿಣಿ ಬಂದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು. ಆ ಭಯಕ್ಕೆ ವಯಸ್ಸು ಹೆಚ್ಚು ಹೇಳುತ್ತಾರೆ, ಇಲ್ಲವೇ ಆಸ್ಪತ್ರೆಗೇ ಬರುವುದಿಲ್ಲ. ಹದಿನಾರರ ಬಸುರಿಗೆ ಡಾಕ್ಟರು ಬೇಡವಾ?

ಮುಚ್ಚಳಿಕೆ ಬರೆದ ದಿನದಿಂದ 18 ತುಂಬುವವರೆಗೆ, ತಿಂಗಳಿಗೊಮ್ಮೆಯಾದರೂ ಯಾರಾದರೂ ಹೋಗಿ ಆ ಹುಡುಗಿಯನ್ನು ಕಣ್ಣಾರೆ ನೋಡಿ ಬರಬೇಕು. ಶಾಲೆಗೆ ಹೋಗುತ್ತಿದ್ದಾಳಾ, ಹಾಸ್ಟೆಲ್ ಸೀಟು ಸಿಕ್ಕಿತಾ ಅಂತ ಕೇಳಬೇಕು. ಈಗ ಈ ಕೆಲಸ ಬೀಳುವುದು ಅಂಗನವಾಡಿ ಟೀಚರ್ ಮೇಲೆ, ಆಶಾ ಕಾರ್ಯಕರ್ತೆ ಮೇಲೆ. ಅವರ ಬೆನ್ನಿಗೆ ಯಾರಿದ್ದಾರೆ? 1992ರಲ್ಲಿ ರಾಜಸ್ಥಾನದ ಭಟೇರಿಯಲ್ಲಿ ಭಂವರಿ ದೇವಿ ಇದೇ ಕೆಲಸ ಮಾಡುತ್ತಿದ್ದರು. ಹಸುಗೂಸಿನ ಮದುವೆ ತಡೆಯಲು ಹೋಗಿದ್ದಕ್ಕೆ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರಲ್ಲಿ ಕೆಳ ಕೋರ್ಟ್ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟುಬಿಟ್ಟಿತು. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ರಕ್ಷಣೆಗೆ 1997ರಲ್ಲಿ ಬಂದ ವಿಶಾಖಾ ಮಾರ್ಗಸೂಚಿಗಳ ಹಿಂದೆ ಇರುವುದು ಇದೇ ಪ್ರಕರಣ.

ನಮ್ಮ ಊರುಗಳಲ್ಲೂ 1098ಕ್ಕೆ ಫೋನ್ ಮಾಡುವಾಕೆ ಎಷ್ಟೋ ಸಲ ಅದೇ ಓಣಿಯವಳು. ಜೀಪು ಸಂಜೆಯೊಳಗೆ ತಾಲ್ಲೂಕಿಗೆ ವಾಪಸ್ಸಾಗುತ್ತದೆ. ಅವಳು ಮರುದಿನ ಬೆಳಿಗ್ಗೆ ಅದೇ ನಲ್ಲಿಗೆ ಕೊಡ ಹಿಡಿದು ಹೋಗಬೇಕು.