ಉಪಗ್ರಹ ಪರೀಕ್ಷೆಗೆ ಒಂದು ದೊಡ್ಡ ಫ್ರೀಜರ್ ಸಾಲದೇ?

ಓದುಗರ ಪ್ರಶ್ನೆ: ಅಂತರಿಕ್ಷದಲ್ಲಿ ಭಯಂಕರ ಚಳಿ ಅಂತ ಓದಿದ್ದೇನೆ. ಹಾಗಿದ್ದರೆ ಉಪಗ್ರಹದ ಭಾಗಗಳನ್ನು ಒಂದು ದೊಡ್ಡ ಫ್ರೀಜರ್‌ನಲ್ಲಿಟ್ಟು ನೋಡಿದರೆ ಸಾಲದೇ? ಅಷ್ಟೊಂದು ಖರ್ಚು ಮಾಡಿ ಗಾಳಿಯೇ ಇಲ್ಲದ ಚೇಂಬರ್ ಯಾಕೆ ಕಟ್ಟುತ್ತಾರೆ?

ಸಾಲದು. ಫ್ರೀಜರ್ ಒಳಗೆ ಗಾಳಿ ಇರುತ್ತದೆ, ಅದೇ ತೊಂದರೆ. ಅಂತರಿಕ್ಷದಲ್ಲಿ ವಸ್ತುಗಳಿಗೆ ಚಳಿಗಿಂತ ಜಾಸ್ತಿ ಕಾಟ ಕೊಡುವುದು ಗಾಳಿ ಇಲ್ಲದಿರುವುದು.

ಬಿಸಿ ಕಾಫಿಯ ಲೋಟವನ್ನು ಮೇಜಿನ ಮೇಲಿಟ್ಟರೆ ಸ್ವಲ್ಪ ಹೊತ್ತಿಗೆ ಆರುತ್ತದೆ. ಅದೇ ಕಾಫಿಯನ್ನು ಬೆಳಗ್ಗೆ ಫ್ಲಾಸ್ಕಿಗೆ ಹಾಕಿಟ್ಟರೆ ಮಧ್ಯಾಹ್ನಕ್ಕೂ ಬಿಸಿ ಇರುತ್ತದೆ. ಫ್ಲಾಸ್ಕಿನ ಎರಡು ಗೋಡೆಗಳ ನಡುವಿನ ಗಾಳಿ ತೆಗೆದಿರುತ್ತಾರೆ, ಅಷ್ಟೇ ಗುಟ್ಟು. ಈಗ ಉಪಗ್ರಹವನ್ನು ಯೋಚಿಸಿ. ಅದರ ಸುತ್ತ ಎಲ್ಲ ಕಡೆಯೂ ಬರೀ ಶೂನ್ಯ. ಒಳಗೆ ಎಲೆಕ್ಟ್ರಾನಿಕ್ಸ್ ಬಿಸಿಯಾಗುತ್ತಲೇ ಇರುತ್ತದೆ, ಆ ಬಿಸಿಯನ್ನು ಹೊತ್ತುಕೊಂಡು ಹೋಗಲು ಗಾಳಿ ಇಲ್ಲ, ಫ್ಯಾನ್ ಹಾಕಿದರೂ ತಿರುಗುತ್ತದೆಯೇ ಹೊರತು ಬೀಸುವುದಕ್ಕೇ ಏನೂ ಇಲ್ಲ. ಬಿಸಿ ಲೋಹದ ಮೂಲಕ ಹರಿದು ಹೊರಮೈಗೆ ಬರಬೇಕು, ಅಲ್ಲಿಂದ ಒಲೆಯ ಮುಂದೆ ಕೂತಾಗ ಮುಖಕ್ಕೆ ತಾಗುವ ಝಳದ ಹಾಗೆ ಹೊರಗೆ ಹೋಗಬೇಕು. ಫ್ರೀಜರ್‌ನಲ್ಲಿ ಚೆನ್ನಾಗಿ ಕೆಲಸ ಮಾಡಿದ ಚಿಪ್, ಮೇಲೆ ಹೋದ ಮೇಲೆ ಬಿಸಿಗೆ ಸುಟ್ಟುಹೋಗಬಹುದು. ಫ್ರೀಜರ್‌ನಲ್ಲಿ ಅದನ್ನು ಕಾಪಾಡಿದ್ದು ಗಾಳಿ.

ಜೊತೆಗೆ ಅಲ್ಲಿ ಬರೀ ಚಳಿಯೂ ಇಲ್ಲ. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಒಂದು ಸುತ್ತಿಗೆ ಸುಮಾರು 90 ನಿಮಿಷ. ದಿನಕ್ಕೆ ಹೆಚ್ಚುಕಡಿಮೆ 16 ಸಲ ಬಿಸಿಲು, 16 ಸಲ ನೆರಳು. ಬಿಸಿಲಿಗೆ ತೆರೆದ ಹೊರಮೈ 100 ಡಿಗ್ರಿ ದಾಟಬಹುದು, ನೆರಳಲ್ಲಿ ಸೊನ್ನೆಗಿಂತ 100 ಡಿಗ್ರಿ ಕೆಳಗೆ ಇಳಿಯಬಹುದು. ವರ್ಷಗಟ್ಟಲೆ ಹೀಗೇ.

ಇದನ್ನೆಲ್ಲ ನೆಲದ ಮೇಲೆ ಮಾಡಿ ನೋಡುವ ಚೇಂಬರ್‌ಗಳು ನಮ್ಮ ಬೆಂಗಳೂರಿನಲ್ಲೇ ಇವೆ. ವಿಮಾನಪುರದ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲೂ ಮಾರತ್ತಹಳ್ಳಿ ಕಡೆ ಇರುವ ಅದರ ಐಸೈಟ್ ಆವರಣದಲ್ಲೂ ಇಡೀ ಉಪಗ್ರಹವೇ ಹಿಡಿಸುವಷ್ಟು ದೊಡ್ಡ ಚೇಂಬರ್‌ಗಳಿವೆ. ಈ ಪರೀಕ್ಷೆಗೆ ಅಲ್ಲಿನವರು ಚಿಕ್ಕದಾಗಿ ಥರ್ಮೋವ್ಯಾಕ್ ಅನ್ನುತ್ತಾರೆ.

ಚೇಂಬರ್ ಅಂದರೆ ದಪ್ಪ ಸ್ಟೀಲಿನ ದೊಡ್ಡ ಡ್ರಮ್. ಅದರೊಳಗೆ ಇನ್ನೊಂದು ಗೋಡೆ ಇರುತ್ತದೆ, ಅದಕ್ಕೆ ಶ್ರೌಡ್ ಅಂತ ಹೆಸರು. ಶ್ರೌಡ್‌ನ ಕೊಳವೆಗಳಲ್ಲಿ −196 ಡಿಗ್ರಿಯ ದ್ರವ ಸಾರಜನಕ ಹರಿಯುತ್ತದೆ. ಒಳಮೈಗೆ ಕಪ್ಪು ಬಣ್ಣ ಬಳಿದಿರುತ್ತಾರೆ, ಉಪಗ್ರಹದಿಂದ ಬಂದ ಝಳವನ್ನು ವಾಪಸ್ ಕಳಿಸದೆ ನುಂಗಿಬಿಡಲಿ ಅಂತ. ನಿಜವಾದ ಆಕಾಶದ ತಂಪು ಇನ್ನೂ ಕೆಳಗೆ, ಸುಮಾರು −270 ಡಿಗ್ರಿ. ಆದರೂ ಹೆಚ್ಚಿನ ಉಪಗ್ರಹಗಳಿಗೆ −196 ಸಾಕು, ಯಾಕಂದ್ರೆ ಅಷ್ಟು ತಣ್ಣಗಿನ ಗೋಡೆ ವಾಪಸ್ ಕೊಡುವ ಝಳ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಬಿಸಿಲಿನ ಪಾತ್ರಕ್ಕೆ ಹೀಟರ್‌ಗಳು, ಇನ್‌ಫ್ರಾರೆಡ್ ದೀಪಗಳು, ಕೆಲವು ಕಡೆ ಪ್ರಖರವಾದ ಕ್ಸೆನಾನ್ ದೀಪಗಳು.

ಗಾಳಿ ತೆಗೆಯುವುದು ಹಂತಹಂತವಾಗಿ ನಡೆಯುತ್ತದೆ. ಮೊದಲು ಸಾಮಾನ್ಯ ಪಂಪು ಬಹುಪಾಲನ್ನು ಎಳೆದು ಹೊರಹಾಕುತ್ತದೆ. ಒಂದು ಮಟ್ಟದ ಕೆಳಗೆ ಅದರ ಕೈಲಾಗುವುದಿಲ್ಲ. ಆಗ ಟರ್ಬೊ ಪಂಪು, ಕ್ರಯೋ ಪಂಪು ಕೆಲಸಕ್ಕಿಳಿಯುತ್ತವೆ. ಕ್ರಯೋ ಪಂಪು ನನಗೆ ತುಂಬಾ ಇಷ್ಟವಾದ ಯಂತ್ರ. ಅದು ಗಾಳಿಯನ್ನು ಹೊರಗೆ ತಳ್ಳುವುದೇ ಇಲ್ಲ. ಒಳಗಿನ ತಗಡುಗಳನ್ನು ಹೀಲಿಯಂ ಬಳಸಿ −255 ಡಿಗ್ರಿ ಆಸುಪಾಸಿಗೆ ತಣಿಸಿರುತ್ತಾರೆ, ಫ್ರಿಜ್‌ನಿಂದ ತೆಗೆದ ಬಾಟಲಿಯ ಮೇಲೆ ಹನಿ ಕಟ್ಟುವ ಹಾಗೆ ಗಾಳಿಯ ಕಣಗಳೇ ಬಂದು ಅದಕ್ಕೆ ಅಂಟಿಕೊಳ್ಳುತ್ತವೆ. ಕೊನೆಗೆ ಒಳಗೆ ಉಳಿಯುವ ಒತ್ತಡ ಒಂದು ಟಾರ್‌ನ 10 ಲಕ್ಷದಲ್ಲಿ ಒಂದು ಪಾಲು. ಟಾರ್ ಅಂದರೆ ಒತ್ತಡದ ಒಂದು ಅಳತೆ, ನಮ್ಮ ಸುತ್ತಲಿನ ಗಾಳಿಯ ಒತ್ತಡ 760 ಟಾರ್. ಅಂದರೆ ಸುಮಾರು 76 ಕೋಟಿಯಲ್ಲಿ ಒಂದು ಪಾಲು!

ಇಲ್ಲಿ ಕ್ರಮ ತಪ್ಪುವಂತಿಲ್ಲ. ಮೊದಲು ಗಾಳಿ ತೆಗೆದು ಆಮೇಲೆ ತಣಿಸಬೇಕು. ಮುಗಿದ ಮೇಲೆ ಮೊದಲು ಎಲ್ಲವನ್ನೂ ಬೆಚ್ಚಗೆ ಮಾಡಿ, ಆಮೇಲೆ ಒಣ ಸಾರಜನಕ ಅನಿಲ ಬಿಟ್ಟು ಬಾಗಿಲು ತೆಗೆಯಬೇಕು. ಅವಸರ ಮಾಡಿದರೆ ಕೋಣೆಯ ಗಾಳಿಯ ತೇವವೆಲ್ಲ ಉಪಗ್ರಹದ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಇನ್ನೊಂದು ಎಚ್ಚರಿಕೆಯೂ ಇದೆ. ಹೆಚ್ಚಿನ ವೋಲ್ಟೇಜಿನ ಭಾಗಗಳಿಗೆ ಪೂರ್ತಿ ಗಾಳಿ ಇದ್ದರೂ ಸರಿ, ಪೂರ್ತಿ ಇಲ್ಲದಿದ್ದರೂ ಸರಿ, ನಡುವಿನ ಅರೆಬರೆ ಒತ್ತಡದಲ್ಲಿ ಮಾತ್ರ ಕಿಡಿ ಹಾರುವ ಅಪಾಯ ಜಾಸ್ತಿ. ಹಾಗಾಗಿ ಆ ಹಂತ ದಾಟುವವರೆಗೆ ಅವನ್ನು ಆಫ್ ಮಾಡಿಟ್ಟಿರುತ್ತಾರೆ.

ಈಗ ವಸ್ತುಗಳ ವಿಷಯ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಸ್ವಾರಸ್ಯ.

ಹೊಸ ಕಾರಿನೊಳಗೆ ಒಂದು ವಾಸನೆ ಇರುತ್ತದಲ್ವಾ? ಬಿಸಿಲಲ್ಲಿ ನಿಲ್ಲಿಸಿ ಬಾಗಿಲು ತೆಗೆದರೆ ಇನ್ನೂ ಜೋರು. ಕೆಲವು ವಾರ ಬಿಟ್ಟು ಮುಂದಿನ ಗಾಜಿನ ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ, ಎಣ್ಣೆಯಂಥ ಒಂದು ಪೊರೆ ಸಿಗುತ್ತದೆ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್, ಅಂಟು, ಫೋಮು ಇವುಗಳಿಂದ ಆವಿಯಾಗಿ ಬಂದದ್ದು ಅದು. ಗಾಳಿಯ ಒತ್ತಡ ಇದ್ದಾಗಲೇ ಇಷ್ಟು. ಒತ್ತಡ ತೆಗೆದುಬಿಟ್ಟರೆ ಪ್ಲಾಸ್ಟಿಕ್, ಪೇಂಟ್, ಟೇಪು ಎಲ್ಲವೂ ಒಳಗಿದ್ದದ್ದನ್ನು ಸಲೀಸಾಗಿ ಹೊರಬಿಡುತ್ತವೆ. ಇದಕ್ಕೆ ಔಟ್‌ಗ್ಯಾಸಿಂಗ್ ಅನ್ನುತ್ತಾರೆ. ಆ ಆವಿ ಹೋಗಿ ಕೂರುವುದು ತಣ್ಣಗಿರುವ ಜಾಗದಲ್ಲಿ. ಉಪಗ್ರಹದಲ್ಲಿ ತಣ್ಣಗಿರುವುದು ಬಹಳ ಸಲ ಕ್ಯಾಮೆರಾನೇ.

ಶನಿ ಗ್ರಹಕ್ಕೆ ಹೋದ ಕಸೀನಿ ನೌಕೆಗೆ ಹೀಗೇ ಆಯಿತು. 2001ರಲ್ಲಿ, ಗುರುವನ್ನು ದಾಟಿ ಹೋಗುತ್ತಿದ್ದಾಗ, ಅದರ ಮುಖ್ಯ ಕ್ಯಾಮೆರಾದ ಚಿತ್ರಗಳಲ್ಲಿ ನಕ್ಷತ್ರಗಳ ಸುತ್ತ ಮಬ್ಬು ಕಾಣಿಸಿತು. ಕೋಟ್ಯಂತರ ಕಿಲೋಮೀಟರ್ ದೂರ, ಒರೆಸಲು ಯಾರೂ ಹೋಗುವಂತಿಲ್ಲ. ಕ್ಯಾಮೆರಾದ ಹೀಟರ್‌ಗಳನ್ನು ಹಚ್ಚಿ, ದಿನಗಟ್ಟಲೆ ಬೆಚ್ಚಗಿಟ್ಟು, ಮತ್ತೆ ಚಿತ್ರ ತೆಗೆದು, ಮತ್ತೆ ಬೆಚ್ಚಗಿಟ್ಟು, ತಿಂಗಳುಗಳ ನಂತರ ಆ ಪೊರೆಯನ್ನು ಹೋಗಲಾಡಿಸಿದರು.

ಇದನ್ನು ತಡೆಯಲು ಪ್ರತಿ ವಸ್ತುವಿಗೂ ಮೊದಲೇ ಒಂದು ಪರೀಕ್ಷೆ ಇದೆ, ಎಎಸ್‌ಟಿಎಂ ಇ595 ಅಂತ. ವಸ್ತುವನ್ನು ಚೂರು ಮಾಡಿ, ಒಂದು ಗ್ರಾಮಿಗಿಂತ ತುಂಬಾ ಕಡಿಮೆ ತೂಕದಷ್ಟನ್ನು ಅಲ್ಯೂಮಿನಿಯಂ ಹಾಳೆಯ ಪುಟ್ಟ ದೋಣಿಯಲ್ಲಿ ಹಾಕುತ್ತಾರೆ. ಅತಿ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ಗಾಳಿ ಇಲ್ಲದ ಗೂಡಿನಲ್ಲಿಟ್ಟು 125 ಡಿಗ್ರಿಯಲ್ಲಿ 24 ಗಂಟೆ ಕಾಯಿಸುತ್ತಾರೆ. ಗೂಡಿಗೆ ಒಂದೇ ಸಣ್ಣ ತೂತು, ಅದರ ಎದುರಿಗೆ 25 ಡಿಗ್ರಿಯಲ್ಲಿರುವ ಹೊಳೆಯುವ ಬಿಲ್ಲೆ. ಆವಿ ಹೋಗಿ ಅದರ ಮೇಲೆ ಕೂರುತ್ತದೆ. ಆಮೇಲೆ ಎರಡನ್ನೂ ಮತ್ತೆ ತೂಗುತ್ತಾರೆ. ವಸ್ತು ಕಳೆದುಕೊಂಡ ತೂಕ 1 ಶೇಕಡಾ ಮೀರಬಾರದು, ಬಿಲ್ಲೆಯ ಮೇಲೆ ಕೂತದ್ದು 0.1 ಶೇಕಡಾ ಮೀರಬಾರದು. ಅಂಗಡಿಯಲ್ಲಿ ಸಿಗುವ ಎಷ್ಟೋ ಅಂಟುಗಳು, ಟೇಪುಗಳು, ರಬ್ಬರುಗಳು ಇಲ್ಲೇ ಬಿದ್ದುಹೋಗುತ್ತವೆ.

ನಾನು ಕಲಿಯುವಾಗ ನಮ್ಮ ಲ್ಯಾಬಿನ ಚಿಕ್ಕ ಚೇಂಬರ್‌ನಲ್ಲಿ ಒಮ್ಮೆ ಒತ್ತಡ ಇಳಿಯುವುದೇ ನಿಂತುಹೋಗಿತ್ತು. ಇಡೀ ದಿನ ಲೀಕ್ ಹುಡುಕಿದೆವು, ಪ್ರತಿ ಜೋಡಣೆಯನ್ನೂ ಬಿಗಿ ಮಾಡಿದೆವು. ಮರುದಿನ ಬಿಚ್ಚಿದಾಗ ತಟ್ಟೆಯ ಅಡಿಯಲ್ಲಿ ಎರಡು ಇಂಚು ಮಾಸ್ಕಿಂಗ್ ಟೇಪ್ ಸಿಕ್ಕಿತು. ಅದನ್ನು ತೆಗೆದ ದಿನವೇ ಒತ್ತಡ ಸರಾಗವಾಗಿ ಇಳಿಯಿತು. ಬೆರಳಚ್ಚಿನ ಜಿಡ್ಡೂ ಹೀಗೇ ತೊಂದರೆ ಕೊಡುತ್ತದೆ. ಅಲ್ಲಿ ಗ್ಲೌಸ್ ಹಾಕದೆ ಯಾರೂ ಏನನ್ನೂ ಮುಟ್ಟುವುದಿಲ್ಲ.

ಇನ್ನು ಎಣ್ಣೆ, ಗ್ರೀಸು. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದನ್ನು ನೋಡಿದ್ದೀರಿ. ಮಾಮೂಲಿ ಗ್ರೀಸ್ ಅಲ್ಲಿ ತಂಪಿಗೆ ಗಟ್ಟಿಯಾಗುತ್ತದೆ, ಬಿಸಿಗೆ ಆವಿಯಾಗುತ್ತದೆ. ಹಾಗಾದರೆ ಗ್ರಾಫೈಟ್ ಪುಡಿ? ಅದು ಜಾರುವುದಕ್ಕೆ ಗಾಳಿಯ ತೇವ ಬೇಕು. ತೇವ ಇಲ್ಲದಿದ್ದರೆ ಅದೇ ಉಜ್ಜಿ ಸವೆಸುತ್ತದೆ. ಆದ್ದರಿಂದ ಮಾಲಿಬ್ಡಿನಂ ಡೈಸಲ್ಫೈಡ್ ಬಳಸುತ್ತಾರೆ, ಅದು ಗಾಳಿ ಇಲ್ಲದ ಕಡೆಯೇ ಹೆಚ್ಚು ಚೆನ್ನಾಗಿ ಜಾರುತ್ತದೆ. ಜಾರಿಕೆ ಹೋದರೆ ಏನಾಗುತ್ತದೆ ಅಂತ ಗುರು ಗ್ರಹಕ್ಕೆ ಹೊರಟಿದ್ದ ಗೆಲಿಲಿಯೊ ನೌಕೆ ತೋರಿಸಿತು. 1991ರಲ್ಲಿ ಅದರ ಕೊಡೆಯಂಥ ದೊಡ್ಡ ಆಂಟೆನಾ ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ವರ್ಷಗಳ ಕಾಲ ಲಾರಿಯಲ್ಲಿ ಅತ್ತಿತ್ತ ಸಾಗಿಸಿದಾಗ ಜಾರಿಕೆಯ ಲೇಪ ಸವೆದು, ಕೆಲವು ಪಿನ್ನುಗಳು ಲೋಹಕ್ಕೆ ಲೋಹ ಕಚ್ಚಿಕೊಂಡು ಕೂತಿದ್ದವು ಅನ್ನುವುದು ತಜ್ಞರ ತೀರ್ಮಾನ. ಗಾಳಿ ಇರುವ ಕಡೆ ಲೋಹದ ಮೇಲೆ ಆಕ್ಸೈಡಿನ ತೆಳು ಪದರ ಇರುತ್ತದೆ, ಉಜ್ಜಿ ಹೋದರೂ ಮತ್ತೆ ಕಟ್ಟುತ್ತದೆ. ಅಲ್ಲಿ ಒಮ್ಮೆ ಹೋದರೆ ಹೋಯಿತು.

ಚಳಿ ಏನೂ ಮಾಡುವುದಿಲ್ಲವೇ? ಖಂಡಿತ ಮಾಡುತ್ತದೆ. ರಬ್ಬರ್ ಗಾಜಿನ ಹಾಗೆ ಒಡೆಯುತ್ತದೆ, ಸಾಮಾನ್ಯ ಉಕ್ಕು ಪೆಡಸಾಗಿ ಸುಲಭವಾಗಿ ಮುರಿಯುತ್ತದೆ. ಅಲ್ಯೂಮಿನಿಯಂ ಗಟ್ಟಿಯಾಗಿ ಉಳಿಯುತ್ತದೆ, ಆದರೆ ಒಂದು ಮೀಟರ್ ಪಟ್ಟಿ ಕೋಣೆಯ ಶಾಖದಿಂದ −196ಕ್ಕೆ ಇಳಿದರೆ ಸುಮಾರು 4 ಮಿಲಿಮೀಟರ್ ಕುಗ್ಗುತ್ತದೆ. ದೂರದರ್ಶಕಕ್ಕೆ 4 ಮಿಲಿಮೀಟರ್ ಅಂದರೆ ಬಹಳ ದೊಡ್ಡ ಮಾತು. ಜೇಮ್ಸ್ ವೆಬ್ ದೂರದರ್ಶಕದ 18 ಕನ್ನಡಿ ತುಂಡುಗಳನ್ನು ಇದೇ ಕಾರಣಕ್ಕೆ ಅಮೆರಿಕದ ಹಂಟ್ಸ್‌ವಿಲ್‌ನ ಚೇಂಬರ್‌ನಲ್ಲಿ ತಣಿಸಿ, ಯಾವ ತುಂಡು ಎಲ್ಲೆಲ್ಲಿ ಎಷ್ಟು ಸೊಟ್ಟಗಾಗುತ್ತದೆ ಅಂತ ಅಳೆದರು. ಆಮೇಲೆ ಬೆಚ್ಚಗಿನ ಕೋಣೆಯಲ್ಲಿ ಬೇಕೆಂದೇ ಅಷ್ಟೇ ಉಲ್ಟಾ ಸೊಟ್ಟ ಬರುವಂತೆ ಉಜ್ಜಿದರು, ತಣ್ಣಗಾದಾಗ ಸರಿಯಾದ ಆಕಾರಕ್ಕೆ ಬರಲಿ ಅಂತ. ಇದನ್ನು ಓದಿದ ದಿನ ನನಗೆ ನಿಜಕ್ಕೂ ಖುಷಿಯಾಗಿತ್ತು. 2017ರಲ್ಲಿ ದೂರದರ್ಶಕವನ್ನು ಹ್ಯೂಸ್ಟನ್‌ನ ಚೇಂಬರ್ ಎ ಒಳಗೆ ಸುಮಾರು 100 ದಿನ ಇಟ್ಟು ಪರೀಕ್ಷಿಸಿದರು. ಅದು ಅಪೊಲೊ ಕಾಲದಲ್ಲಿ ಕಟ್ಟಿದ ಚೇಂಬರ್. ಪರೀಕ್ಷೆಯ ನಡುವೆ ಹಾರ್ವಿ ಚಂಡಮಾರುತ ಬಂದು ಊರೇ ಮುಳುಗಿತು. ಆದರೂ ಅವರು ಪರೀಕ್ಷೆ ನಿಲ್ಲಿಸಲಿಲ್ಲ.

ಚೇಂಬರ್‌ನಲ್ಲಿ ಎಲ್ಲವೂ ಸಿಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ತೂಕವಿಲ್ಲದ ಸ್ಥಿತಿಯನ್ನು ಅಲ್ಲಿ ತರಲು ಆಗುವುದಿಲ್ಲ. ಉಪಗ್ರಹಗಳಲ್ಲಿ ಬಿಸಿ ಸಾಗಿಸಲು ಹೀಟ್ ಪೈಪ್ ಅಂತ ಇರುತ್ತವೆ, ಮುಚ್ಚಿದ ಕೊಳವೆಯೊಳಗೆ ಸ್ವಲ್ಪ ಅಮೋನಿಯ. ಒಂದು ತುದಿಯಲ್ಲಿ ಅದು ಆವಿಯಾಗುತ್ತದೆ, ಇನ್ನೊಂದು ತುದಿಯಲ್ಲಿ ದ್ರವವಾಗಿ ಒಳಗಿನ ಸಣ್ಣ ಕಾಲುವೆಗಳಲ್ಲಿ ವಾಪಸ್ ಹರಿಯುತ್ತದೆ. ನೆಲದ ಮೇಲೆ ಬಿಸಿ ತುದಿ ಸ್ವಲ್ಪ ಮೇಲಾದರೂ ಗುರುತ್ವ ಆ ದ್ರವವನ್ನು ಹಿಂದಕ್ಕೆ ಎಳೆಯುತ್ತದೆ, ಪೈಪ್ ಕೆಟ್ಟಿದೆ ಅನ್ನಿಸುತ್ತದೆ. ಹಾಗಾಗಿ ಬಾಗಿಲು ಮುಚ್ಚುವ ಮುಂಚೆ ಆ ಪೈಪುಗಳು ಪೂರ್ತಿ ಮಟ್ಟಸವಾಗಿವೆಯೇ ಅಂತ ಲೆವೆಲ್ ಹಿಡಿದು ನೋಡುತ್ತಾರೆ, ಸರಿಯಿಲ್ಲ ಅಂದರೆ ಬಿಚ್ಚಿ ಮತ್ತೆ ಕೂರಿಸುತ್ತಾರೆ.