ಗೋಡೆ ಕುಡಿಯುವಷ್ಟು ಸುಣ್ಣ

ದಸರೆ, ದೀಪಾವಳಿಗಳ ಮುಂಚೆ ಮನೆಗೆ ಸುಣ್ಣ ಹಚ್ಚುವ ರೂಢಿ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಮಣ್ಣಿನ ಅಥವಾ ಗಚ್ಚಿನ ಗೋಡೆಯ ಹಳೆಯ ಮನೆಗಳಿಗೆ ಸುಣ್ಣಕ್ಕಿಂತ ಯೋಗ್ಯವಾದ ಬಣ್ಣ ಇಲ್ಲವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಗೋಡೆಯೊಳಗಿನ ತೇವ ಹೊರಗೆ ಹೋಗಲು ಅದು ಅಡ್ಡಿ ಮಾಡುವುದಿಲ್ಲ. ಆದರೆ ಎಷ್ಟು ಕಿಲೋ ತರಬೇಕು ಎಂಬ ಪ್ರಶ್ನೆ ಬಂದಾಗ ಬಹುತೇಕರು ಕೋಣೆಗಳನ್ನು ಎಣಿಸಿ ಅಂದಾಜು ಹೇಳುತ್ತಾರೆ. ಪೇಂಟಿನ ಡಬ್ಬಿಯ ಮೇಲೆ ಒಂದು ಲೀಟರಿಗೆ ಎಷ್ಟು ಚದರ ಅಡಿ ಎಂದು ಬರೆದಿರುತ್ತದೆ. ಸುಣ್ಣಕ್ಕೆ ಅಂಥ ಒಂದೇ ಸಂಖ್ಯೆ ಇರಲು ಸಾಧ್ಯವಿಲ್ಲ, ಏಕೆಂದರೆ ಅದರ ಹದವನ್ನು ನಿರ್ಧರಿಸುವವರು ನಾವು, ಅದು ಎಷ್ಟು ಬೇಕೆಂಬುದನ್ನು ನಿರ್ಧರಿಸುವುದು ಗೋಡೆ.

ಮೊದಲು ಸುಣ್ಣದ ತೂಕದ ಲೆಕ್ಕವನ್ನು ನೋಡೋಣ. ಬಾಗಲಕೋಟೆ, ಲೋಕಾಪುರ, ಮುಧೋಳದ ಸುತ್ತಮುತ್ತ ದೊರೆಯುವ ಸುಣ್ಣದಕಲ್ಲು ಭೂವಿಜ್ಞಾನಿಗಳು ಕಲಾದಗಿಯ ಹೆಸರಿನಿಂದ ಗುರುತಿಸುವ ಅತಿ ಪ್ರಾಚೀನ ಶಿಲಾಸಮೂಹಕ್ಕೆ ಸೇರಿದ್ದು. ಅದರ ಮುಖ್ಯ ವಸ್ತು ಕ್ಯಾಲ್ಸಿಯಂ ಕಾರ್ಬೊನೇಟ್. ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ 100 ಕಿಲೋ ಶುದ್ಧ ಕಲ್ಲನ್ನು ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ 56 ಕಿಲೋ ಸುಟ್ಟ ಸುಣ್ಣ, ಎಂದರೆ ಸುಣ್ಣದ ಹರಳು, ಉಳಿಯುತ್ತದೆ. ಈ 56 ಕಿಲೋ ಹರಳು 18 ಕಿಲೋ ನೀರನ್ನು ಹೀರಿಕೊಂಡು 74 ಕಿಲೋ ಅರಳಿದ ಸುಣ್ಣವಾಗುತ್ತದೆ. ಗೋಡೆಗೆ ಹಚ್ಚಿದ ಮೇಲೆ ಅದೇ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಮರಳಿ ಪಡೆದು ಮತ್ತೆ 100 ಕಿಲೋ ಕಲ್ಲಾಗಿ ಗಟ್ಟಿಯಾಗುತ್ತದೆ. ಅಂದರೆ ಒಂದು ಕಿಲೋ ಹರಳು ತಂದವರಿಗೆ ಸುಮಾರು 1.3 ಕಿಲೋ ಅರಳಿದ ಸುಣ್ಣವೂ, ಕೊನೆಗೆ ಗೋಡೆಯ ಮೇಲೆ ಸುಮಾರು 1.8 ಕಿಲೋ ಕಲ್ಲಿನ ಪದರವೂ ಸಿಗುತ್ತದೆ. ಹರಳಿನ ಬದಲು ಚೀಲದಲ್ಲಿ ಬರುವ ಅರಳಿದ ಪುಡಿಯನ್ನು ತರುವವರು ಹರಳಿನ ಲೆಕ್ಕಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು ತೂಕ ತರಬೇಕೆಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ. ಈ ಅಂತರವನ್ನು ಮರೆತು ಅರ್ಧ ಗೋಡೆಗೇ ಸುಣ್ಣ ಮುಗಿಸಿಕೊಂಡು ಕೂಡುವವರು ಕಡಿಮೆಯೇನಿಲ್ಲ.

ಹರಳು ಅರಳುವುದನ್ನು ಹತ್ತಿರದಿಂದ ನೋಡಬೇಕು, ಆದರೆ ಕಣ್ಣಿಗೆ ಕನ್ನಡಕ, ಕೈಗೆ ಕೈಗವಸು ಇಲ್ಲದೆ ನೋಡಬಾರದು. ನೀರಿಗೆ ಹಾಕಿದ ಹರಳು ಕ್ಷಣಕಾಲ ಸುಮ್ಮನಿದ್ದು, ಸಣ್ಣ ಗುಳ್ಳೆಗಳನ್ನು ಬಿಟ್ಟು, ಚಟಚಟ ಸದ್ದಿನೊಂದಿಗೆ ಬಿರಿದು, ಹಬೆ ಎಬ್ಬಿಸುತ್ತ ಕೆನೆಯಂತೆ ಒಡೆದು ಹರಡುತ್ತದೆ. ಒಂದು ಕಿಲೋ ಶುದ್ಧ ಹರಳು ಅರಳುವಾಗ ಹೊಮ್ಮುವ ಶಾಖ ಮೂರೂವರೆ ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ಏರಿಸಬಲ್ಲದು. ಆದ್ದರಿಂದ ತೆಳ್ಳನೆಯ ಪ್ಲಾಸ್ಟಿಕ್ ಬಕೀಟು ಈ ಕೆಲಸಕ್ಕೆ ಬರುವುದಿಲ್ಲ. ಸುಣ್ಣದೊಡನೆ ಸೇರಿ ಹೈಡ್ರೋಜನ್ ಬಿಡುವ ಅಲ್ಯುಮಿನಿಯಂ ಪಾತ್ರೆಯಂತೂ ಸರ್ವಥಾ ಬೇಡ. ಕಬ್ಬಿಣದ ಬ್ಯಾರೆಲ್ಲಿನಲ್ಲಿ ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪವೇ ಹರಳು ಹಾಕುವುದು ಸುರಕ್ಷಿತ ಕ್ರಮ. ಕಿಲೋಗೆ ಸುಮಾರು ಐದು ಲೀಟರ್ ನೀರು ಎಂಬುದು ಒಳ್ಳೆಯ ಹದ. ಅದರಲ್ಲಿ ಸುಣ್ಣದೊಡನೆ ರಾಸಾಯನಿಕವಾಗಿ ಸೇರುವುದು ಮೂರನೆಯ ಒಂದು ಲೀಟರ್ ಮಾತ್ರ. ಉಳಿದದ್ದು ಸುಣ್ಣವನ್ನು ಗೋಡೆಯವರೆಗೆ ಒಯ್ದು ಆರಿಹೋಗುತ್ತದೆ. ಒಂದು ದಿನವಾದರೂ ನೆನೆಯಲು ಬಿಟ್ಟು, ಒರಟು ನೇಯ್ಗೆಯ ಬಟ್ಟೆಯಲ್ಲಿ ಸೋಸಬೇಕು. ಕಲಾದಗಿ ಸಮೂಹದಲ್ಲಿ ಮೆಗ್ನೀಸಿಯಂ ಬೆರೆತ ಡಾಲೊಮೈಟ್ ಕಲ್ಲೂ ಇರುವುದರಿಂದ, ಅದನ್ನು ಸುಟ್ಟ ಸುಣ್ಣವಾದರೆ ಇನ್ನೂ ಹೆಚ್ಚು ದಿನ ನೆನೆಸುವುದು ಲೇಸು, ಏಕೆಂದರೆ ಮೆಗ್ನೀಸಿಯಂ ಅಂಶ ಬಹಳ ನಿಧಾನವಾಗಿ ಅರಳುತ್ತದೆ.

ಇನ್ನು ಗೋಡೆಯ ಲೆಕ್ಕ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯನ್ನು ಎತ್ತಿಕೊಳ್ಳೋಣ. ನಾಲ್ಕು ಗೋಡೆಗಳ ಸುತ್ತಳತೆ 44 ಅಡಿ, ಕ್ಷೇತ್ರಫಲ 440 ಚದರ ಅಡಿ. ಒಂದು ಬಾಗಿಲು, ಎರಡು ಕಿಟಕಿಗಳಿಗೆ 53 ಚದರ ಅಡಿ ಕಳೆದರೆ 387 ಚದರ ಅಡಿ, ಎಂದರೆ 36 ಚದರ ಮೀಟರ್ ಉಳಿಯುತ್ತದೆ. ಇದು ಲೆಕ್ಕದ ಅರ್ಧ ಭಾಗ ಮಾತ್ರ.

ಉಳಿದ ಅರ್ಧವನ್ನು ತಿಳಿಯಲು ಗೋಡೆಯ ಮೇಲೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕವನ್ನು ಸೀಮೆಸುಣ್ಣದಿಂದ ಗುರುತಿಸಿ, ಅಳತೆಯ ಪಾತ್ರೆಯಲ್ಲಿ ಒಂದು ಲೀಟರ್ ಸುಣ್ಣದ ನೀರು ತೆಗೆದುಕೊಂಡು, ಆ ಚೌಕಕ್ಕೆ ಮಾತ್ರ ಹಚ್ಚಿ, ಎಷ್ಟು ಖರ್ಚಾಯಿತೆಂದು ನೋಡಬೇಕು. ಆರಿದ ಮೇಲೆ ಅದರ ಮೇಲೆಯೇ ಎರಡನೆಯ, ಮೂರನೆಯ ಕೈ ಹಚ್ಚಿ ಮತ್ತೆ ಅಳೆಯಬೇಕು. ನುಣುಪಾದ ಗಾರೆಗೂ ಒರಟು ಮಣ್ಣಿನ ಗೋಡೆಗೂ ಈ ಅಳತೆಯಲ್ಲಿ ದೊಡ್ಡ ಅಂತರ ಬರುತ್ತದೆ. ಮೊದಲ ಕೈಗೆ 300 ಮಿಲಿಲೀಟರ್, ಎರಡನೆಯದಕ್ಕೆ 200, ಮೂರನೆಯದಕ್ಕೆ 180 ಹಿಡಿಯಿತೆಂದುಕೊಳ್ಳೋಣ. ಚದರ ಮೀಟರಿಗೆ ಒಟ್ಟು 680 ಮಿಲಿಲೀಟರ್, ಕೋಣೆಗೆ ಸುಮಾರು 24.5 ಲೀಟರ್, ಚೆಲ್ಲುವುದು, ಕುಂಚದಲ್ಲಿ ಉಳಿಯುವುದು ಸೇರಿ 27 ಲೀಟರ್ ಎನ್ನೋಣ. ಒಂದು ಕಿಲೋ ಹರಳು, ಐದು ಲೀಟರ್ ನೀರು ಸೇರಿದರೆ ಐದು ಲೀಟರಿಗಿಂತ ತುಸು ಹೆಚ್ಚು ಸುಣ್ಣದ ನೀರಾಗುವುದರಿಂದ ಐದು ಕಿಲೋಗಿಂತ ಸ್ವಲ್ಪ ಮೇಲೆ ಶುದ್ಧ ಹರಳು ಸಾಕು. ಸೋಸುವಾಗ ಬೀಳುವ ಗರಸು, ಸುಡದೆ ಉಳಿದ ಕಲ್ಲುಗಳನ್ನು ಎಣಿಸಿ ಆರು ಕಿಲೋ ತಂದರೆ ಕೆಲಸ ನಡೆಯುತ್ತದೆ.

ಮೊದಲ ಕೈ ಹೆಚ್ಚು ಹಿಡಿಯುವುದಕ್ಕೆ ಕಾರಣ ಗೋಡೆಯ ಸೂಕ್ಷ್ಮ ರಂಧ್ರಗಳು. ವಿಜಯಪುರದ ಬೇಸಿಗೆಯಲ್ಲಿ ಕಾದ ಗೋಡೆ ಸುಣ್ಣದೊಳಗಿನ ನೀರನ್ನು ಕುಂಚ ಎತ್ತುವಷ್ಟರಲ್ಲಿ ಎಳೆದುಕೊಳ್ಳುತ್ತದೆ. ಆಗ ಸುಣ್ಣ ಹೆಚ್ಚು ಖರ್ಚಾಗುವುದಲ್ಲದೆ, ಕಲ್ಲಾಗಿ ಮಾರ್ಪಡಲು ಬೇಕಾದ ತೇವ ಸಿಗದೆ ಪುಡಿಯಾಗಿಯೇ ಉಳಿದು, ಒರಗಿದವರ ಬೆನ್ನಿಗೆ ಹತ್ತುತ್ತದೆ. ಹಿಂದಿನ ಸಂಜೆ ಒಮ್ಮೆ, ಹಚ್ಚುವ ಮುಂಚೆ ಒಮ್ಮೆ ಗೋಡೆಗೆ ನೀರು ಚಿಮುಕಿಸಿದರೆ ಎರಡೂ ತೊಂದರೆಗಳು ತಗ್ಗುತ್ತವೆ. ಪರೀಕ್ಷೆಯ ಚೌಕಕ್ಕೂ ಹಾಗೆಯೇ ನೀರು ಚಿಮುಕಿಸಿರಬೇಕು, ಇಲ್ಲವಾದರೆ ಅಳತೆ ಸುಳ್ಳಾಗುತ್ತದೆ. ಪುಟ್ಟಿ ಅಥವಾ ಪ್ಲಾಸ್ಟಿಕ್ ಪೇಂಟ್ ಕಂಡ ಗೋಡೆಯಾದರೆ ಲೆಕ್ಕವೇ ಬೇಡ. ಹೀರುವ ಶಕ್ತಿ ಇಲ್ಲದ ಮೇಲ್ಮೈಗೆ ಸುಣ್ಣ ಹಿಡಿಯುವುದಿಲ್ಲ.

ಅಂದಾಜು ತಪ್ಪಿಸುವ ಇನ್ನೊಂದು ಕಾರಣ ನಮ್ಮ ಕಣ್ಣು. ಹಸಿ ಸುಣ್ಣ ಗೋಡೆಯ ಮೇಲೆ ನೀರಿನಂತೆ ಪಾರದರ್ಶಕವಾಗಿ ಕಾಣುತ್ತದೆ, ಕೆಳಗಿನ ಕಲೆಗಳೆಲ್ಲ ಹಾಗೆಯೇ ತೋರುತ್ತವೆ. ಬೆಳಕನ್ನು ಎಷ್ಟು ಬಾಗಿಸುತ್ತದೆಂಬುದರ ಅಳತೆಯಾದ ವಕ್ರೀಭವನಾಂಕ ಸುಣ್ಣದ ಕಣಗಳಿಗೆ ಸುಮಾರು 1.6, ನೀರಿಗೆ 1.33, ಗಾಳಿಗೆ 1. ಈ ಅಂಕಗಳ ಅಂತರ ಹೆಚ್ಚಿದಷ್ಟೂ ಬೆಳಕು ಹೆಚ್ಚು ಚದುರುತ್ತದೆ. ಕಣಗಳ ನಡುವೆ ನೀರು ತುಂಬಿರುವಾಗ ಬೆಳಕು ಹೆಚ್ಚು ಚದುರದೆ ಒಳಗೆ ಹೋಗುತ್ತದೆ. ನೀರು ಆರಿ ಆ ಜಾಗಕ್ಕೆ ಗಾಳಿ ಬಂದ ಮೇಲೆ ಬೆಳಕು ಎಲ್ಲ ಕಡೆಗೂ ಚದುರಿ ಗೋಡೆ ಬೆಳ್ಳಗಾಗುತ್ತದೆ. ಇದನ್ನು ಅರಿಯದೆ ಹಸಿಯಾಗಿರುವಾಗಲೇ ಬಿಳುಪು ಸಾಲದೆಂದು ಮೇಲೆ ಮೇಲೆ ದಪ್ಪಗೆ ಬಳಿದರೆ ಸುಣ್ಣ ದುಪ್ಪಟ್ಟು ಹೋಗುತ್ತದೆ, ಆ ದಪ್ಪ ಪದರ ಬಿರುಕು ಬಿಟ್ಟು ಹಕ್ಕಳೆ ಏಳುತ್ತದೆ.

ಅಂಗಡಿಯ ಚೀಲ ಎಷ್ಟು ದಿನದ್ದೆಂದು ನೋಡುವುದೂ ಅಗತ್ಯ. ಬಾಯಿ ಬಿಚ್ಚಿಟ್ಟ ಪುಡಿ ಗಾಳಿಯಲ್ಲಿಯೇ ಮರಳಿ ಕಲ್ಲಿನ ಪುಡಿಯಾಗಿರುತ್ತದೆ, ಅಂಥದ್ದು ಎಷ್ಟು ಕಿಲೋ ಇದ್ದರೂ ಗೋಡೆಯನ್ನು ಕಚ್ಚುವುದಿಲ್ಲ. ಚಿಟಿಕೆ ಪುಡಿಯ ಮೇಲೆ ನಿಂಬೆರಸ ಹಿಂಡಿದಾಗ ನೊರೆ ಜೋರಾಗಿ ಉಕ್ಕಿದರೆ ಆ ಚೀಲವನ್ನು ಬಿಟ್ಟುಬಿಡಬೇಕು. ಆದರೆ ಒಳ್ಳೆಯ ಅರಳಿದ ಸುಣ್ಣವನ್ನು ಮೇಲೆ ನೀರು ನಿಲ್ಲಿಸಿ ಮುಚ್ಚಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ಬರಿಯ ಬಿಳಿ ಸುಣ್ಣವಾದರೆ ನಡುವೆ ಕಡಿಮೆ ಬಿದ್ದರೂ ಇನ್ನಷ್ಟು ಅರಳಿಸಿ ಮುಂದುವರಿಸಬಹುದು. ಕೆಮ್ಮಣ್ಣು ಅಥವಾ ಬೇರೆ ಬಣ್ಣ ಬೆರೆಸುವುದಾದರೆ ಆ ಅವಕಾಶ ಇಲ್ಲ: ಎರಡನೆಯ ಸಲ ಕಲಸಿದ ಬಣ್ಣ ಹಸಿಯಾಗಿದ್ದಾಗ ಮೊದಲಿನಂತೆಯೇ ಕಂಡರೂ ಆರಿದ ಮೇಲೆ ಬೇರೆಯಾಗಿ ಎದ್ದು ತೋರುತ್ತದೆ. ಆದ್ದರಿಂದ ಬಣ್ಣದ ಗೋಡೆಗೆ ಪೂರ್ತಿ ಕೋಣೆಯ ಲೆಕ್ಕವನ್ನು ಮೊದಲೇ ಮುಗಿಸಿ, 27 ಲೀಟರನ್ನೂ ಒಂದೇ ಬ್ಯಾರೆಲ್ಲಿನಲ್ಲಿ ಕಲಸಿ, ಬಣ್ಣವನ್ನು ಬಕೀಟಿನ ಲೆಕ್ಕದಲ್ಲಿ ಹಾಕದೆ ಸುಣ್ಣದ ತೂಕಕ್ಕೆ ಹೊಂದಿಸಿ ತೂಗಿ ಹಾಕಬೇಕು, ಹಚ್ಚುವಾಗಲೂ ಮೇಲಿಂದ ಮೇಲೆ ತಳದಿಂದ ಕಲಕುತ್ತಿರಬೇಕು.